ಕೃತ್ತಿಕೆಯ ಎಣಿಕೆ

ನಾನು ಪುಕ್ಕಲ. ಇದನ್ನು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳಿಬಿಡುವುದು ಲೇಸು. ಲಿಫ್ಟಿಗೆ ಹೆದರುತ್ತೇನೆ, ನಾಯಿಗೆ ಹೆದರುತ್ತೇನೆ, ಬೆಳಗಿನ ಜಾವ ಫೋನು ಬಡಿದುಕೊಂಡರೆ ಯಾರೋ ಹೋದರೆಂದೇ ಎದ್ದು ಕೂರುತ್ತೇನೆ. ಇಂಥವನನ್ನು ಮರುಭೂಮಿಗೆ ಕರೆದುಕೊಂಡು ಹೋಗಬೇಕೆಂದು ಮೇಷ್ಟ್ರಿಗೆ ಹೊಳೆಯಿತು.

ನಾವು ನಾಲ್ವರು ಒಂದೇ ಬೀದಿಯವರು. ನನ್ನದು ಕನ್ನಡಕದ ಅಂಗಡಿ. ಕಣ್ಣು ಪರೀಕ್ಷೆ ಮಾಡಿ ಗಾಜು ಕೂರಿಸಿ ಕೊಡುತ್ತೇನೆ. ಪಕ್ಕದ್ದು ಹೊಲಿಗೆ ಅಂಗಡಿ. ಅದರ ಒಡತಿ ನಮಗೆಲ್ಲ ಅಕ್ಕ, ವಯಸ್ಸಿನಿಂದಲೂ ಹೌದು, ಬಾಯಿಂದಲೂ ಹೌದು. ಮೇಷ್ಟ್ರು ಎದುರಿನ ಶಾಲೆಯಲ್ಲಿ ಭೂಗೋಳ ಕಲಿಸುತ್ತಾರೆ. ನಾಲ್ಕನೆಯವನು ಸಾರಥಿ. ಹೆತ್ತವರು ಇಟ್ಟ ಹೆಸರು ಬೇರೆ. ಇಪ್ಪತ್ತಾರು ವರ್ಷ ರಾತ್ರಿ ಬಸ್ಸು ಓಡಿಸಿದ್ದಕ್ಕೆ ಬೀದಿಯವರು ಕೊಟ್ಟದ್ದು ಇದು. ನಾನೂ ಅವನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಓದಿದೆವು ಎನ್ನುವುದಕ್ಕಿಂತ ಕೂತಿದ್ದೆವು ಎನ್ನುವುದೇ ಸರಿ.

ವರ್ಷಕ್ಕೊಮ್ಮೆ ಎರಡು ದಿನ ಶಟರ್ ಎಳೆದು ನಾಲ್ವರೂ ಎಲ್ಲಿಗಾದರೂ ಹೋಗುವುದು ನಮ್ಮ ರೂಢಿ. ಸಮುದ್ರ ಆಯಿತು, ಬೆಟ್ಟ ಆಯಿತು. ಈ ಸಲ ಮೇಷ್ಟ್ರು ಒಂದು ಪಟ್ಟಿ ಹಿಡಿದುಕೊಂಡೇ ಅಂಗಡಿಗೆ ಬಂದರು. ಜಿಂಕೆ, ಮುಳ್ಳುಬಾಲದ ಹಲ್ಲಿ, ಗೂಬೆ, ಮರಳು ನರಿ. ಪಟ್ಟಿಯ ಕೊನೆಯಲ್ಲಿ, ಅಡಿಗೆರೆ ಎಳೆದು, ನಕ್ಷತ್ರ.

"ನಕ್ಷತ್ರ ನಮ್ಮ ಮಾಳಿಗೆ ಮೇಲೂ ಇದ್ಯಲ್ಲ ಮೇಷ್ಟ್ರೇ," ಎಂದೆ.

"ನಮ್ಮ ಮಾಳಿಗೆ ಮೇಲೆ ಹನ್ನೊಂದು ಕಾಣತ್ತೆ. ಎಣಿಸಿದ್ದೀನಿ."

"ಅಲ್ಲಿ ಚೇಳಿರತ್ತೆ."

"ಇರ್ಲಿ ಬಿಡೋ ಕನ್ನಡಕ," ಎಂದಳು ಅಕ್ಕ. "ನಿನ್ನನ್ನ ಕುಟುಕಿದ್ರೆ ನಿನ್ನ ಭಯ ಅದಕ್ಕೇ ಅಂಟ್ಕೊಳ್ಳತ್ತೆ. ಪಾಪ, ಅದರ ಸಂಸಾರ ಹಾಳಾಗತ್ತೆ."

ಬಾಡಿಗೆಗೆ ಒಂದು ಜೀಪು ಗೊತ್ತು ಮಾಡಿದೆವು. ಓಡಿಸುವವನು ಯಾರೆಂಬ ಮಾತೇ ಏಳಲಿಲ್ಲ. ನನಗೆ ಸೈಕಲ್ ಬರುವುದಿಲ್ಲ, ಮೇಷ್ಟ್ರ ಕೈಯಲ್ಲಿ ಅವರ ಸ್ಕೂಟರೇ ಹೇಳಿದ ಮಾತು ಕೇಳುವುದಿಲ್ಲ, ಅಕ್ಕ ಹೊಲಿಗೆ ಯಂತ್ರ ಬಿಟ್ಟು ಬೇರೆ ಯಾವುದನ್ನೂ ತುಳಿದವಳಲ್ಲ. ಸಾರಥಿ ಓಡಿಸುತ್ತಾನೆಂಬ ಒಂದೇ ಧೈರ್ಯದ ಮೇಲೆ ನಾನು ಹೂಂ ಎಂದೆ. ಅವನು ಮಾತ್ರ ಹೂಂ ಎನ್ನಲು ಎರಡು ದಿನ ತೆಗೆದುಕೊಂಡ. ಸೋಮವಾರದಿಂದ ಮತ್ತೆ ರಾತ್ರಿ ಬಸ್ಸಿನ ಕೆಲಸ, ವಿಶ್ರಾಂತಿ ಬೇಕು ಎಂದೆಲ್ಲ ಹೇಳಿದ. ಬೆನ್ನು ನೋವೆಂದು ಎಂಟು ತಿಂಗಳಿಂದ ಹಗಲು ಬಸ್ಸನ್ನೇ ಓಡಿಸುತ್ತಿದ್ದ. ನಾವು ಬಿಡಲಿಲ್ಲ, ಎಳೆದುಕೊಂಡೇ ಹೊರಟೆವು.

ಇಲ್ಲಿ ಒಂದು ವಿಷಯ ಹೇಳಬೇಕು. ಹೇಳಲು ಮನಸ್ಸಿಲ್ಲ, ಆದರೆ ಹೇಳದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ಐವತ್ತು ದಾಟಿದ ಚಾಲಕರು ಎರಡು ವರ್ಷಕ್ಕೊಮ್ಮೆ ಡಿಪೋಗೆ ಕಣ್ಣಿನ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಮೂರು ಕಾಲಂ: ಅಕ್ಷರ, ಬಣ್ಣ, ಕತ್ತಲೆ. ಮೂರನೆಯದಕ್ಕೆ ನನ್ನ ಅಂಗಡಿಯ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆಯಿದೆ. ಗೋಡೆಯ ಮೇಲೆ ಕಪ್ಪು ಹಲಗೆ, ಹಲಗೆಯಲ್ಲಿ ಹನ್ನೆರಡು ಪುಟ್ಟ ದೀಪ. ಪರೀಕ್ಷೆಗೆ ಬಂದವರು ಹತ್ತು ನಿಮಿಷ ಸುಮ್ಮನೆ ಕೂತು ಕತ್ತಲೆಗೆ ಕಣ್ಣು ಒಗ್ಗಿಸಿಕೊಳ್ಳಬೇಕು. ಆಮೇಲೆ ನಾನು ದೀಪಗಳನ್ನು ಮಂದವಾಗಿ ಒಂದೊಂದಾಗಿ ಹಚ್ಚುತ್ತ ಹೋಗುತ್ತೇನೆ, ಅವರು ಕಂಡಿತು, ಕಂಡಿತು ಎನ್ನುತ್ತ ಹೋಗಬೇಕು. ಅಷ್ಟೇ. ಆದರೆ ಹೋದ ವರ್ಷ ಮುಚ್ಚಿಹೋದ ಒಂದು ಅಂಗಡಿಯ ಫ್ರೇಮುಗಳನ್ನೆಲ್ಲ ಅಗ್ಗಕ್ಕೆ ಸಿಕ್ಕವೆಂದು ತಂದಿದ್ದೆ. ಇಡಲು ಜಾಗವಿಲ್ಲದೆ ಆ ಕೋಣೆಯಲ್ಲಿ ನೆಲದಿಂದ ಸೂರಿನವರೆಗೆ ಪೆಟ್ಟಿಗೆ ತುಂಬಿಸಿದ್ದೆ. ಅಂಗಡಿಯ ಮೇಲಿನ ಮಹಡಿಯಲ್ಲಿರುವ ತನ್ನ ಮನೆಯಿಂದ ಇಳಿದು ಬಂದು ಅವನ್ನು ಒಂದರ ಮೇಲೊಂದು ಪೇರಿಸಿಕೊಟ್ಟವನೇ ಸಾರಥಿ.

ಹೊರಡುವುದಕ್ಕೆ ಹನ್ನೊಂದು ದಿನ ಮೊದಲು ಅವನು ಪ್ರಮಾಣಪತ್ರದ ಕಾಗದ ಹಿಡಿದು ಬಂದ. ಜೊತೆಗೆ ಎರಡು ಲೋಟ ಚಹಾ. ಅಕ್ಷರ ಓದಿಸಿದೆ, ಕೊನೆಯ ಸಾಲನ್ನೂ ಓದಿದ. ಬಣ್ಣ ತೋರಿಸಿದೆ, ಒಂದೂ ತಪ್ಪಲಿಲ್ಲ.

"ಇನ್ನು ಕತ್ತಲೆ," ಎಂದೆ.

"ಆ ಪೆಟ್ಟಿಗೆಗಳನ್ನೆಲ್ಲ ಹೊರಗೆ ಹಾಕ್ತೀಯಾ? ಅರ್ಧ ದಿನ ಬೇಕು. ಕತ್ತಲಲ್ಲೇ ಅನ್ನ ಸಂಪಾದಿಸಿದವನು ಕಣೋ ನಾನು. ಬರ್ಕೋ ಬರ್ಕೋ."

ಅಂಗಡಿಯಲ್ಲಿ ಮೂವರು ಕಾಯುತ್ತಿದ್ದರು. ಬರೆದುಕೊಂಡೆ. ಸಹಿ ಹಾಕಿ ಮೊಹರು ಒತ್ತಿದೆ. ಹಾಕಿದ ಬೀಗವನ್ನೂ ಎರಡು ಸಲ ಎಳೆದು ನೋಡುವ ನಾನು, ಹೆದರಲೇಬೇಕಾದ ಜಾಗದಲ್ಲಿ ಹೆದರಲಿಲ್ಲ.

*

ಹೋಗುವಾಗ ದಿನವಿಡೀ ಚೆನ್ನಾಗಿಯೇ ಇತ್ತು. ಊರು ಮುಗಿದು, ಮರ ಮುಗಿದು, ಕೊನೆಗೆ ಪೊದೆಯೂ ಮುಗಿದು ಬರೀ ಮರಳು ಉಳಿಯಿತು. ಮೇಷ್ಟ್ರು ಪಟ್ಟಿಗೆ ಗುರುತು ಹಾಕುತ್ತ ಬಂದರು. ಆರು ಜಿಂಕೆಗಳು ರಸ್ತೆ ದಾಟಿ, ನಿಂತು, ನಮ್ಮನ್ನು ಒಮ್ಮೆ ನೋಡಿ, ಇವರಿಂದ ಏನೂ ಆಗುವುದಿಲ್ಲ ಎಂದುಕೊಂಡು ಮೆಲ್ಲಗೆ ನಡೆದುಹೋದವು. ಮುಳ್ಳುಬಾಲದ ಹಲ್ಲಿಯನ್ನು ಮೊದಲು ಕಂಡವನು ಸಾರಥಿ. ಅಷ್ಟು ದೂರದ ಬಂಡೆಯ ಮೇಲೆ, ಬಂಡೆಯದೇ ಬಣ್ಣದ ಹಲ್ಲಿ.

"ನೋಡಿದ್ಯಾ, ಕಣ್ಣು ಅಂದ್ರೆ ಇದು," ಎಂದು ನನ್ನ ಕಡೆ ನೋಡಿ ನಕ್ಕ.

ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಕಿತ್ತಳೆ ಸುಲಿದು ಹಿಂದಿನ ಸೀಟಿನಿಂದ ಅವನ ಭುಜದ ಪಕ್ಕ ಎರಡು ತೊಳೆ ಹಿಡಿದಳು. ಅವನು ತೆಗೆದುಕೊಳ್ಳಲಿಲ್ಲ. "ಕೈ ನೋಯ್ತಿದೆ ಮಹಾರಾಜ, ತಗೋತೀಯೋ ಇಲ್ವೋ?" ಎಂದು ಅವಳು ಕೇಳಿದಾಗ ಬೆಚ್ಚಿಬಿದ್ದು ತಲೆಯನ್ನು ಪೂರ್ತಿ ತಿರುಗಿಸಿ ನೋಡಿದ. ನಾನು ಅದನ್ನು ಕಂಡೆ. ಕಂಡದ್ದು ಅಷ್ಟೇ, ಏನೆಂದು ಯೋಚಿಸಲಿಲ್ಲ.

ಸಂಜೆಗೆ ಮೇಷ್ಟ್ರು ಗೊತ್ತು ಮಾಡಿಕೊಂಡಿದ್ದ ಜಾಗ ಮುಟ್ಟಿದೆವು. ರಸ್ತೆಯಿಂದ ಅರ್ಧ ಮೈಲಿ ಒಳಗೆ ಒಂದು ದೊಡ್ಡ ಬಂಡೆ, ಅದರ ಬುಡದಲ್ಲಿ ಎಮ್ಮೆ ಮಲಗಿದರೆ ತುಂಬಿಹೋಗುವಷ್ಟು ನೀರಿನ ಹೊಂಡ. ನರಿಗಳು ನೀರಿಗೆ ಬರುತ್ತವೆಂದು ಮೇಷ್ಟ್ರ ಲೆಕ್ಕ. ರಾತ್ರಿ ತಂಗಲು ಮುಂಗಡ ಹೇಳಿದ್ದ ಅತಿಥಿಗೃಹ ಅಲ್ಲಿಂದ ಮೂವತ್ತೆಂಟು ಕಿಲೋಮೀಟರ್.

ಸೂರ್ಯ ಇಳಿಯುವ ಮೊದಲೇ ಸಾರಥಿ ಶುರು ಮಾಡಿದ. "ಹೊರಡೋಣ. ಕತ್ತಲಾಗತ್ತೆ."

"ನರಿ ಬರ್ಲಿ ತಡೀರಿ," ಎಂದರು ಮೇಷ್ಟ್ರು.

ಕಾಲು ಗಂಟೆಗೆ ಮತ್ತೆ, "ಹೊರಡೋಣ."

"ರಾತ್ರಿ ಬಸ್ಸಿನ ಸಾರಥಿ ಕತ್ತಲಿಗೆ ಹೆದರ್ತಾನೆ ನೋಡೇ ಅಕ್ಕ," ಎಂದು ನಾನು ನಕ್ಕೆ. ಜೀವಮಾನದಲ್ಲಿ ಒಂದು ಸಲ ನನಗಿಂತ ಪುಕ್ಕಲ ಸಿಕ್ಕಿದನೆಂದು ಖುಷಿಯಾಗಿತ್ತು. ಅವನು ನಗಲಿಲ್ಲ.

ನರಿಗಳು ಬಂದದ್ದು ಸೂರ್ಯ ಮುಳುಗಿ, ಮರಳು ಬೂದಿ ಬಣ್ಣಕ್ಕೆ ತಿರುಗಿದ ಮೇಲೆ. ಮೊದಲು ತಾಯಿ. ಬೆಕ್ಕಿನಷ್ಟು ಮೈ, ಮೊಲಕ್ಕಿಂತ ದೊಡ್ಡ ಕಿವಿ. ಅದರ ಹಿಂದೆ ಎರಡು ಮರಿ. ಅವು ಒಂದನ್ನೊಂದು ತಳ್ಳಿಕೊಂಡು ನೀರು ನೆಕ್ಕುವುದನ್ನು ನೋಡುತ್ತ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆದುಕೊಂಡಳು. ಮೇಷ್ಟ್ರ ಕಣ್ಣಲ್ಲಿ ನೀರು ತುಂಬಿತ್ತು. ನಾನೂ ಭಯ ಮರೆತೆ, ಸುಳ್ಳೇಕೆ ಹೇಳಲಿ. ಸಾರಥಿ ಮಾತ್ರ ಜೀಪಿಗೆ ಒರಗಿ ನೆಲ ನೋಡುತ್ತಿದ್ದ.

ಆಮೇಲೆ ನಕ್ಷತ್ರ. ಚಂದ್ರನಿರಲಿಲ್ಲ. ಮೇಷ್ಟ್ರು ಟಾರ್ಚ್ ಆರಿಸಿ, "ಈಗ ತಲೆ ಎತ್ತಿ," ಎಂದರು. ಎತ್ತಿದೆ. ಅಷ್ಟೊಂದು ಇರುತ್ತವೆಂದು ನನಗೆ ಗೊತ್ತೇ ಇರಲಿಲ್ಲ. ಚೀಲ ಹರಿದು ಸಕ್ಕರೆ ಚೆಲ್ಲಿದ ಹಾಗೆ ತುಂಬಿಹೋಗಿತ್ತು. ನಾಲ್ವರೂ ಮರಳಿನ ಮೇಲೆ ಕೂತೆವು. ನಮ್ಮ ಬೆನ್ನ ಹಿಂದೆ ಬಂಡೆ, ಎದುರಿಗೆ ಪೂರ್ವ.

"ಅಲ್ಲಿ ಗೊಂಚಲಿನ ಹಾಗೆ ಕಾಣ್ತಿದ್ಯಲ್ಲ, ಅದು ಕೃತ್ತಿಕೆ," ಎಂದರು ಮೇಷ್ಟ್ರು. "ಹಿಂದಿನ ಕಾಲದಲ್ಲಿ ಇದೇ ಕಣ್ಣಿನ ಪರೀಕ್ಷೆ ಅಂತೆ. ಎಷ್ಟು ಎಣಿಸ್ತೀರೋ ಅಷ್ಟು ಚುರುಕು ಕಣ್ಣು. ನಮ್ಮ ಕನ್ನಡಕದವರ ಅನ್ನಕ್ಕೆ ಕಲ್ಲು!"

"ಐದು," ಎಂದಳು ಅಕ್ಕ. "ಇಲ್ಲ, ಆರು."

ನನಗೂ ಆರು. ಮೇಷ್ಟ್ರಿಗೆ ಐದು.

"ಸಾರಥಿ, ನಿಮಗೆಷ್ಟು?"

"ಏಳು," ಎಂದ ಅವನು, ತಟ್ಟನೆ. "ಎಂಟೂ ಇರಬಹುದು. ಸಕತ್ತಾಗಿದೆ ಅಲ್ವಾ?"

ನಾನು ಅವನ ಕಡೆ ತಿರುಗಿದೆ. ಜೀಪಿನಿಂದ ಟವಲು ತರಲು ಎದ್ದುಹೋಗಿದ್ದವನು ಮರಳಿ ಬಂದು ಕೂತಿದ್ದ. ಕೂತದ್ದು ಬಂಡೆಗೆ ಮುಖ ಮಾಡಿ. ನಾಲ್ಕಾಳೆತ್ತರದ ಕಲ್ಲನ್ನು ನೋಡುತ್ತ, ಬಾಯಿ ಅರೆ ತೆರೆದು, ಅದರಲ್ಲಿ ಏಳು ನಕ್ಷತ್ರ ಎಣಿಸುತ್ತಿದ್ದ.

ಬೆನ್ನು ನೋವು, ಹಗಲು ಬಸ್ಸು, ಕಿತ್ತಳೆ ತೊಳೆ, ಹೊರಡೋಣ ಹೊರಡೋಣ ಎಂಬ ಹಟ, ಎಲ್ಲ ಸಾಲಾಗಿ ಬಂದು ನಿಂತವು. ಎಲ್ಲದರ ಹಿಂದೆ ನನ್ನ ಮೊಹರು ನಿಂತಿತ್ತು.

ಅಕ್ಕನೂ ಮೇಷ್ಟ್ರೂ ಫ್ಲಾಸ್ಕ್ ತೊಳೆಯಲು ಹೊಂಡದ ಕಡೆ ಹೋದಾಗ ನಾನು ಅವನ ಹತ್ತಿರ ಹೋಗಿ ಕುಕ್ಕರಿಸಿದೆ. ಅಂಗೈಯನ್ನು ಅವನ ಮುಖದ ಮುಂದೆ, ಗೇಣು ದೂರಕ್ಕೆ, ತಂದೆ. ಚುಕ್ಕಿ ಬೆಳಕಿನಲ್ಲಿ ನನಗೆ ನನ್ನ ಬೆರಳು ಐದೂ ಕಾಣುತ್ತಿತ್ತು. ಅವನ ರೆಪ್ಪೆ ಅಲುಗಲಿಲ್ಲ.

"ಎಷ್ಟು ದಿನದಿಂದ?" ಎಂದೆ.

ಅವನು ಉಸಿರು ಬಿಟ್ಟ. "ಒಂದು ವರ್ಷ ಆಯ್ತು. ಮೆಲ್ಲಗೆ ಮಾತಾಡು."

"ಇರುಳುಗಣ್ಣು ಕಣೋ ಇದು. ಬದಿಯಲ್ಲಿರೋದೂ ಕಾಣಲ್ಲ ನಿಂಗೆ."

"ಹೆಡ್‌ಲೈಟ್ ಇದ್ರೆ ಎದುರಿಂದು ಕಾಣತ್ತೆ. ಇನ್ನೆರಡು ವರ್ಷ ಅಷ್ಟೇ, ಆಮೇಲೆ ಪಿಂಚಣಿ. ಆ ದಾರಿ ನನಗೆ ಬಾಯಿಪಾಠ." ಕೈ ಚಾಚಿ ನನ್ನ ತೋಳು ಹುಡುಕಿ ಹಿಡಿದುಕೊಂಡ. "ಅವರಿಬ್ಬರಿಗೆ ಹೇಳ್ಬೇಡ ಕಣೋ. ಒಬ್ಬರ ಬಾಯಿಂದ ಇನ್ನೊಬ್ಬರಿಗೆ ಹೋಗಿ ಡಿಪೋ ಮುಟ್ಟತ್ತೆ. ನೀನು ಮುಂದೆ ಕೂತ್ಕೊಂಡು ಸ್ವಲ್ಪ ಹೇಳ್ತಾ ಬಾ, ಸಾಕು. ಮೂವತ್ತೆಂಟು ಕಿಲೋಮೀಟರ್. ನಾನು ಹೋದ್ರೆ ನಾನೊಬ್ನೇ ಹೋಗಲ್ಲ, ನಿನ್ನ ಸಹೀನೂ ಇದೆ."

ಕೊನೆಯ ಮಾತನ್ನು ಅವನು ಹೆದರಿಸಲು ಹೇಳಲಿಲ್ಲ, ಬೇಡಿಕೊಳ್ಳುವ ದನಿಯಲ್ಲೇ ಹೇಳಿದ. ಆದರೆ ನನಗೆ ತಾಗಿದ್ದು ಅದೊಂದೇ. ಅಂಗಡಿ ಹೋಗುತ್ತದೆ, ಪರವಾನಗಿ ಹೋಗುತ್ತದೆ. ಹೇಳಿದರೆ ಅತ್ತ ದರಿ, ಹೇಳದಿದ್ದರೆ ಇತ್ತ ಪುಲಿ. ಅಕ್ಕ ಫ್ಲಾಸ್ಕ್ ಅಲ್ಲಾಡಿಸುತ್ತ ಬಂದು, "ಚಳಿ ಹತ್ತಿತು, ನಡೀರಿ," ಎಂದಳು. ನಾನು ಬಾಯಿ ಬಿಡಬೇಕಾಗಿದ್ದದ್ದು ಆಗ. ಬಿಡಲಿಲ್ಲ. ಹೋಗಿ ಮುಂದಿನ ಸೀಟಿನಲ್ಲಿ ಕೂತೆ.

*

ಒಪ್ಪಂದ ಇಷ್ಟು: ಜೀಪು ಎಡಕ್ಕೆ ಸರಿಯಬೇಕಾದರೆ ಅವನ ತೊಡೆಯನ್ನು ಒಂದು ಸಲ ತಟ್ಟುವುದು, ಬಲಕ್ಕಾದರೆ ಎರಡು ಸಲ. ಹಿಂದಿನವರಿಗೆ ಗೊತ್ತಾಗಬಾರದು.

ಹೆಡ್‌ಲೈಟಿನ ಬೆಳಕು ಚಾಪೆ ಹಾಸಿದಷ್ಟು ಅಗಲ. ಅದರ ಆಚೆ ಏನೂ ಇಲ್ಲ. ಎರಡೂ ಬದಿಯಿಂದ ಮರಳು ಟಾರಿನ ಮೇಲೆ ನಾಲಿಗೆ ಚಾಚಿಕೊಂಡು ಬಂದಿತ್ತು. ಎಲ್ಲಿ ರಸ್ತೆ ಮುಗಿಯಿತು, ಎಲ್ಲಿ ಮರಳು ಶುರುವಾಯಿತು ಎಂದು ನನಗೇ ಗೊತ್ತಾಗುತ್ತಿರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಒಂದು ಸಲ ತಟ್ಟಿದೆ, ಎರಡು ಸಲ ತಟ್ಟಿದೆ, ಗಾಬರಿಯಲ್ಲಿ ಮೂರು ಸಲವೂ ತಟ್ಟಿದೆ. ಮೂರಕ್ಕೆ ಅರ್ಥವೇ ಇರಲಿಲ್ಲ. ಅವನ ತೊಡೆ ಕಲ್ಲಿನಂತೆ ಬಿಗಿದಿತ್ತು. ಕುತ್ತಿಗೆಯನ್ನು ಮುಂದೆ ಚಾಚಿ, ಗಾಜಿಗೆ ಮೂಗು ತಾಗಿಸುವವನಂತೆ ಕೂತಿದ್ದ. ಹಗಲು ಒಂದೇ ಕೈಯಲ್ಲಿ ಸ್ಟಿಯರಿಂಗ್ ತಿರುಗಿಸುತ್ತಿದ್ದವನು ಇವನೇನಾ ಎನ್ನಿಸಿತು.

ಹಿಂದೆ ಮೇಷ್ಟ್ರು ನರಿಯ ಕಿವಿಯ ಬಗ್ಗೆ ಪಾಠ ಮಾಡುತ್ತಿದ್ದರು. ಕಿವಿ ದೊಡ್ಡದಾದಷ್ಟೂ ಮೈಯ ಬಿಸಿ ಬೇಗ ಆರುತ್ತದಂತೆ. "ಹಾಗಾದ್ರೆ ನಮ್ಮ ಕನ್ನಡಕನಿಗೆ ಚಳಿ ಜಾಸ್ತಿ ಇರ್ಬೇಕು," ಎಂದಳು ಅಕ್ಕ. ಇಬ್ಬರೂ ನಕ್ಕರು. ನಾನು ಒಂದು ಸಲ ತಟ್ಟಿದೆ.

ಅವರ ನಗು ಕೇಳಿ ಅಳು ಬಂತು. ಯಾವ ತಪ್ಪೂ ಮಾಡದ ಇಬ್ಬರನ್ನು ನಾನು ಕತ್ತಲೊಳಗೆ ಸಾಗಿಸುತ್ತಿದ್ದೆ, ನನ್ನ ಅಂಗಡಿಯ ಬೋರ್ಡು ಉಳಿಯಲೆಂದು. ಹೇಳು, ಹೇಳು ಎಂದು ಒಳಗೆ ಏನೋ ಒದೆಯುತ್ತಿತ್ತು. ಮುಂದಿನ ಮೈಲಿಗಲ್ಲಿಗೆ ಹೇಳುತ್ತೇನೆ ಎಂದುಕೊಂಡೆ. ಮೈಲಿಗಲ್ಲು ಬಂತು, ಹೋಯಿತು. ಇನ್ನೊಂದಕ್ಕೆ ಎಂದುಕೊಂಡೆ. ಹೀಗೆ ಒಂಬತ್ತು ಕಲ್ಲು ದಾಟಿದವು.

ನಾನು ಎಡಗಡೆಯ ಮರಳನ್ನು ನೋಡುತ್ತಿದ್ದಾಗ ಅಕ್ಕ ಕಿರುಚಿದಳು.

"ಒಂಟೆ! ಲೋ, ಒಂಟೆ!"

ಬೆಳಕಿನಲ್ಲಿ ನಾಲ್ಕು ಕಾಲು ಮಾತ್ರ ಇದ್ದವು. ಮೈ ಕತ್ತಲಲ್ಲಿ ಮೇಲೆಲ್ಲೋ ಇತ್ತು. ಸಾರಥಿ ಬ್ರೇಕ್ ತುಳಿದ. ಕಂಡು ತುಳಿದದ್ದಲ್ಲ, ಕಿರುಚಾಟಕ್ಕೆ ತುಳಿದದ್ದು. ಜೀಪು ಕುಂಡಿ ತಿರುಗಿಸಿ ಮರಳಿನ ಮೇಲೆ ಜಾರಿತು. ನಾನು ಕಣ್ಣು ಮುಚ್ಚಿಕೊಂಡೆ. ಅಮ್ಮಾ ಎಂದೆನೋ ಏನೋ. ಹಣೆ ಎದುರಿನ ಕಬ್ಬಿಣಕ್ಕೆ ಬಡಿಯಿತು, ಮೇಷ್ಟ್ರ ಚೀಲ ಹಾರಿಬಂದು ನನ್ನ ಬೆನ್ನಿಗೆ ಬಿತ್ತು. ಆಮೇಲೆ ಎಲ್ಲ ನಿಂತಿತು.

ಕಣ್ಣು ತೆರೆದಾಗ ಗಾಜಿನ ತುಂಬ ಒಂಟೆಯ ಹೊಟ್ಟೆ. ಬಾನೆಟ್ಟಿಗೂ ಅದಕ್ಕೂ ನಡುವೆ ಒಂದು ಮೊಳವೂ ಇರಲಿಲ್ಲ. ಇನ್ನೊಂದು ಮೊಳ ಮುಂದೆ ಹೋಗಿದ್ದರೆ ಕಾಲು ಮುರಿದು ಆ ಭಾರವೆಲ್ಲ ಗಾಜು ಒಡೆದುಕೊಂಡು ನಮ್ಮ ಮೇಲೆ ಬೀಳುತ್ತಿತ್ತು. ಅದು ಕುತ್ತಿಗೆ ಬಗ್ಗಿಸಿ ನಮ್ಮನ್ನು ನೋಡಿ, ದವಡೆ ಎರಡು ಸಲ ಆಡಿಸಿ, ಗಾಜಿನ ಮೇಲೆ ಜೊಲ್ಲು ಸುರಿಸಿ, ಕತ್ತಲೊಳಗೆ ನಡೆದುಹೋಯಿತು.

ನನ್ನ ಹಲ್ಲು ಕಟಕಟ ಎನ್ನುವುದು ನನಗೇ ಕೇಳಿಸುತ್ತಿತ್ತು.

"ಅಷ್ಟು ದೊಡ್ಡ ಪ್ರಾಣಿ ಕಾಣ್ಲಿಲ್ವೇನೋ ನಿಂಗೆ?" ಎಂದಳು ಅಕ್ಕ.

"ತೂಕಡಿಕೆ ಬಂತು," ಎಂದ ಸಾರಥಿ.

"ಸುಳ್ಳು ಹೇಳ್ಬೇಡ. ಕನ್ನಡಕ, ನೀನ್ಯಾಕೆ ಅವನ ತೊಡೆ ತಟ್ತಾ ಇದ್ದೆ? ಆಗ್ಲಿಂದ ನೋಡ್ತಿದ್ದೀನಿ."

ಸಾರಥಿ ನನ್ನ ಕಡೆ ಮುಖ ತಿರುಗಿಸಿದ. ಆ ಮುಖವನ್ನು ನೋಡಲಾರದೆ ಗಾಜಿನ ಮೇಲಿನ ಒಂಟೆಯ ಜೊಲ್ಲು ನೋಡಿಕೊಂಡು ಹೇಳಿದೆ.

"ಅವನಿಗೆ ರಾತ್ರಿ ಕಣ್ಣು ಕಾಣಲ್ಲ. ಹೊಂಡದ ಹತ್ರಾನೇ ನಂಗೆ ಗೊತ್ತಾಯ್ತು. ಪರೀಕ್ಷೆ ಮಾಡ್ದೇನೇ ಕಾಣತ್ತೆ ಅಂತ ಸಹಿ ಹಾಕಿಕೊಟ್ಟವನು ನಾನು. ಅದಕ್ಕೇ ಸುಮ್ನಿದ್ದೆ."

ಅಕ್ಕ ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ನನ್ನ ಪ್ರಾಣಕ್ಕಿಂತ ನಿಮ್ಮಿಬ್ಬರ ಗುಟ್ಟು ದೊಡ್ಡದಾಯ್ತಾ?" ಎಂದಳು. ಅವಳ ದನಿ ನಡುಗುತ್ತಿತ್ತು. ಅಕ್ಕನ ದನಿ ನಡುಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಮೇಷ್ಟ್ರು ಕನ್ನಡಕ ಒರೆಸಿಕೊಂಡು, ತರಗತಿಯಲ್ಲಿ ಕೇಳುವ ಹಾಗೆ ಮೆತ್ತಗೆ ಕೇಳಿದರು. "ಸಾರಥಿ, ಸೋಮವಾರದ ಬಸ್ಸಲ್ಲಿ ಎಷ್ಟು ಸೀಟು?"

"ನಲವತ್ತೆರಡು," ಎಂದ ಸಾರಥಿ. ಹೇಳಿ ಸ್ಟಿಯರಿಂಗಿನ ಮೇಲೆ ಹಣೆ ಇಟ್ಟ.

ಅಕ್ಕ ಕೈ ಚಾಚಿದಳು. ಅವನು ಕೀಲಿ ತೆಗೆದು ಕೊಟ್ಟ. ಅವಳು ಅದನ್ನು ತನ್ನ ಹೊಲಿಗೆಯ ಚೀಲಕ್ಕೆ ಹಾಕಿ ಗುಂಡಿ ಬಿಗಿದಳು. ಆಮೇಲೆ ಹೇಗೋ ಜೀಪನ್ನು ರಸ್ತೆಯಿಂದ ಹತ್ತು ಮಾರು ಆಚೆ, ಗಟ್ಟಿ ನೆಲಕ್ಕೆ, ಮೂವರೂ ನೂಕಿದೆವು.

ಬೆಳಗಾಗುವವರೆಗೆ ಅಲ್ಲೇ ಇದ್ದೆವು. ಹೊದೆಯಲು ಎರಡು ಟವಲು, ಒಂದು ಟಾರ್ಪಾಲು. ಚಳಿಗೆ ಮೂಳೆ ನೋಯುತ್ತಿತ್ತು. ಹೊರಗೆ ಏನೋ ಒಂದು ಬಂದು ಚಕ್ರದ ಸುತ್ತ ಮೂಸಿ ಹೋಯಿತು. ಇನ್ನೊಂದು ದೂರದಲ್ಲಿ ಮಗುವಿನ ಹಾಗೆ ಅತ್ತಿತು. ಬೇರೆ ದಿನವಾಗಿದ್ದರೆ ನಾನು ಸೀಟಿನ ಕೆಳಗೆ ತೂರಿಕೊಳ್ಳುತ್ತಿದ್ದೆ. ಅವತ್ತು ನನ್ನ ಭಯವೆಲ್ಲ ಪಕ್ಕದ ಸೀಟಿನಲ್ಲಿ ಉಸಿರಾಡುತ್ತಿತ್ತು. ಅವನು ಇನ್ನು ನನ್ನ ಜೊತೆ ಮಾತಾಡುವುದಿಲ್ಲವೆಂಬ ಭಯ. ಮಾತಾಡಿ, ಮತ್ತೆ ಬೇಡಿಕೊಂಡು, ಮತ್ತೆ ನಾನು ಒಪ್ಪಿಬಿಡುತ್ತೇನೆಂಬ ಭಯ ಅದಕ್ಕಿಂತ ದೊಡ್ಡದು.

ಹಿಂದಿನವರಿಬ್ಬರೂ ಮಂಪರಿಗೆ ಹೋದ ಮೇಲೆ ಅವನು ಬಾಯಿ ಬಿಟ್ಟ.

"ಕೃತ್ತಿಕೇಲಿ ನಿಜವಾಗ್ಲೂ ಎಷ್ಟು ಕಾಣತ್ತೆ?"

ಗಾಜು ಒರೆಸಿ ನೋಡಿದೆ. "ಆರು."

"ಏಳು ಅಂತ ಚಿಕ್ಕಂದಿನಲ್ಲಿ ಅಪ್ಪ ಹೇಳ್ತಿದ್ರು. ಅದಕ್ಕೇ ಏಳು ಅಂದೆ."

ಬೆಳಕು ಬಿಟ್ಟ ಮೇಲೆ ಅಕ್ಕ ಕೀಲಿ ಕೊಟ್ಟಳು. ಅತಿಥಿಗೃಹದ ಹೆಸರನ್ನು ಯಾರೂ ಎತ್ತಲಿಲ್ಲ. ಅವನು ಮೊದಲಿನಂತೆಯೇ, ಒಂದೇ ಕೈಯಲ್ಲಿ, ನೀರು ತುಳುಕದ ಹಾಗೆ ಜೀಪು ಓಡಿಸಿಕೊಂಡು ಶನಿವಾರ ಮಧ್ಯಾಹ್ನ ನಮ್ಮನ್ನು ಬೀದಿಗೆ ತಂದು ಇಳಿಸಿದ. ಇಳಿದವನು ಮೆಟ್ಟಿಲು ಹತ್ತಿ ಬಾಗಿಲು ಹಾಕಿಕೊಂಡ.

*

ಭಾನುವಾರ ಬೆಳಗ್ಗೆ ಶಟರ್ ಅರ್ಧ ಎತ್ತಿ, ಕತ್ತಲ ಕೋಣೆಯ ಪೆಟ್ಟಿಗೆಗಳನ್ನು ಹೊರಗೆ ಎಳೆಯತೊಡಗಿದೆ. ಡಿಪೋಗೆ ಬರೆದ ಕಾಗದ ಜೇಬಿನಲ್ಲಿತ್ತು. ಮೂರನೆಯ ಕಾಲಂ ಪರೀಕ್ಷೆ ಮಾಡದೆ ಭರ್ತಿ ಮಾಡಿದ್ದೇನೆ, ತಪ್ಪು ನನ್ನದು, ಮತ್ತೆ ಪರೀಕ್ಷೆ ಆಗುವವರೆಗೆ ರಾತ್ರಿ ಬಸ್ಸು ಕೊಡಬೇಡಿ, ಇಷ್ಟೇ. ಇಷ್ಟು ಬರೆಯಲು ಏಳು ಹಾಳೆ ಹರಿದಿದ್ದೆ. ಪರವಾನಗಿ ಹೋದರೆ ಅಕ್ಕನ ಅಂಗಡಿಯಲ್ಲಿ ಕಾಜ ಹೊಲಿಯುವುದೆಂದು ತೀರ್ಮಾನಿಸಿದ್ದೆ. ಅವಳು ಸೇರಿಸಿಕೊಂಡರೆ.

ಮೇಲಿನ ಬಾಗಿಲು ತೆರೆದ ಸದ್ದಾಯಿತು. ಒಂದೊಂದೇ ಮೆಟ್ಟಿಲಿಳಿಯುವ ಹೆಜ್ಜೆ ಎಣಿಸಿದೆ. ಹೊಡೆಯಲು ಬಂದನೋ, ಕಾಲಿಗೆ ಬೀಳಲು ಬಂದನೋ. ಎರಡರಲ್ಲಿ ಹೊಡೆತವೇ ಇರಲೆಂದು ಬೇಡಿಕೊಂಡೆ.

ಸಾರಥಿ ಶಟರಿನ ಕೆಳಗೆ ಬಗ್ಗಿ ಒಳಗೆ ಬಂದ. ನಾನು ಎಳೆಯುತ್ತಿದ್ದ ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದ. ಮಧ್ಯಾಹ್ನದ ಹೊತ್ತಿಗೆ, ತಾನು ಪೇರಿಸಿದ್ದನ್ನೆಲ್ಲ ತಾನೇ ಇಳಿಸಿ ಮುಗಿಸಿದ್ದ.

ಕೋಣೆ ಗುಡಿಸಿ, ಹಲಗೆಯ ಧೂಳು ಒರೆಸಿ, ಸ್ಟೂಲು ಹಾಕಿದೆ. ಅವನು ಕೂತು ತೊಡೆಯ ಮೇಲೆ ಕೈ ಇಟ್ಟುಕೊಂಡ.

"ಒಂದೆರಡಾದ್ರೂ ಕಾಣಬಹುದು ಕಣೋ," ಎಂದ. "ಮರಳಲ್ಲಿ ಇದ್ದಷ್ಟು ಕತ್ತಲು ಇಲ್ಲಿಲ್ಲ. ಎಷ್ಟು ಕಾಣತ್ತೋ ಅಷ್ಟೇ ಬರಿ."

ಬಾಗಿಲು ಮುಚ್ಚಿ ದೀಪ ಆರಿಸಿದೆ. ಹತ್ತು ನಿಮಿಷ ಇಬ್ಬರೂ ಉಸಿರು ಕೇಳಿಸಿಕೊಂಡು ಕೂತೆವು. ಆಮೇಲೆ ಗುಂಡಿ ಒತ್ತಿದೆ. ಒಂದು ಹೊತ್ತಿತು. ಕಾದೆ. ಎರಡು. ಮೂರು. ಅವನು ಹಲಗೆಯ ಕಡೆಗೇ ಮುಖ ಮಾಡಿಕೊಂಡು, ಶಾಲೆಯ ಹುಡುಗನಂತೆ ನೆಟ್ಟಗೆ ಕೂತಿದ್ದ. ಆರು. ಏಳು. ಕೊನೆಯದನ್ನು ಹಚ್ಚಿ, ಮಂದವಾಗಿ ಇಡಬೇಕೆಂಬ ನಿಯಮ ಮುರಿದು, ಹನ್ನೆರಡನ್ನೂ ಒಂದಿಷ್ಟು ಹೆಚ್ಚಿಸಿದೆ. ಅವನ ಮೂಗು, ಗಲ್ಲ, ಒದ್ದೆಯಾದ ಹಣೆ ಎಲ್ಲ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಎಷ್ಟು ಹೊತ್ತು ಕೂರಿಸ್ತೀಯೋ," ಎಂದ ಸಾರಥಿ, ನಗಲು ನೋಡುತ್ತ. "ಶುರು ಮಾಡು."

ಇಷ್ಟು ವರ್ಷ ಯಾವುದಕ್ಕೆಲ್ಲ ಹೆದರಿದ್ದೆನೋ ಅದೆಲ್ಲ ಈ ಒಂದು ಉತ್ತರದ ಮುಂದೆ ಏನೂ ಅಲ್ಲ ಎನ್ನಿಸಿತು. ಕೈ ಚಾಚಿ ಅವನ ಕೈ ಹಿಡಿದುಕೊಂಡೆ.

"ಶುರು ಮಾಡಿ ಮುಗೀತು ಕಣೋ," ಎಂದೆ.